ದಸ್ತಗೀರ್ ಸಾಬರ ನೌಕರಿ
ಮಳವಳ್ಳಿಯ ಬಸ್ಸಿನ ಸಾಹುಕಾರರು ದಿವಾಳಿಯೆದ್ದು ಪಾಪರ್ ಎನಿಸಿಕೊಂಡು, ಕೋರ್ಟಿನವರು ಬಸ್ಸಿನ ಬಾಗಿಲಿಗೆ ಮೊಹರು ಒತ್ತಿದ್ದು ೧೯೪೪ನೆಯ ಇಸವಿ ಮಾರ್ಚಿ ೧೩, ಸೋಮವಾರ. ಡ್ರೈವರ್ ದಸ್ತಗೀರ್ ಸಾಬರು ಮಾತ್ರ ಮಂಗಳವಾರವೂ ಖಾಕಿ ಕೋಟು ತೊಟ್ಟು ಎಂದಿನಂತೆ ಹಾಜರಾದರು. ಒಳಗೆ ಹತ್ತುವಂತಿಲ್ಲವಾದ್ದರಿಂದ ಹೊರಗಿನಿಂದಲೇ ಗಾಜು ಒರೆಸುವರು. ಯುದ್ಧಕಾಲದಲ್ಲಿ ಪೆಟ್ರೋಲಿನ ಬದಲು ಬಸ್ಸು ಓಡಿಸುತ್ತಿದ್ದ ಇದ್ದಿಲು ಗ್ಯಾಸಿನ ಡ್ರಮ್ಮನ್ನು ತಟ್ಟಿ ಕ್ಷೇಮ ವಿಚಾರಿಸುವರು. ಮದ್ದೂರಿಗೆ ಬಸ್ಸುಂಟೇ ಎಂದವರಿಗೆ ‘ಇವತ್ತಿಲ್ಲ’ ಎನ್ನುವರೇ ಹೊರತು ‘ಇನ್ನಿಲ್ಲ’ ಎಂದವರಲ್ಲ. “ಸಾವ್ಕಾರ ಪಾಪರ್ ಆಗವ್ನೆ, ಇನ್ಯಾಕ್ಲಾ ಉಜ್ಜೀಯೆ?” ಎಂದು ಕೆಲಸ ಹೋದ ಕಂಡಕ್ಟರ್ ಮರಿಯಯ್ಯ ಕೆಣಕಿದರೆ, “ಪಾಪರ್ ಆಗಿರೋದು ಸಾವ್ಕಾರ ಕಣ್ಲಾ, ಬಸ್ಸಲ್ಲ!” ಎನ್ನುವರು. ಹೀಗಿರಲು, ಕೆಲಸದಿಂದ ತೆಗೆಯಲ್ಪಟ್ಟವರಿಗೆ ಮಾತ್ರ ಮೂರು ತಿಂಗಳ ಸಂಬಳ ಪರಿಹಾರವೆಂದು ಜುಲೈ ೧೦ರಂದು ಕೋರ್ಟಿನ ಅಮೀನರು ಬಂದರು. ಸಾಬರ ಮನೆಯಲ್ಲಿ ರಾಗಿಹಿಟ್ಟು ತಳ ಕಂಡಿತ್ತು. “ಅಜೀ, ‘ತೆಗುದ್ಬುಟ್ರು’ ಅಂತ ಒಂದ್ ಮಾತು ಅಂದ್ಬುಡಿ, ಸಾಕು” ಎಂದು ಹೆಂಡತಿ ಬಿಬಿ ಜಾನ್ ದಾರಿಗೆ ಅಡ್ಡ ನಿಂತು ಹೇಳಿ ಕಳಿಸಿದ್ದಳು. ಮರಿಯಯ್ಯ ಆ ಮಾತನ್ನು ಎರಡು ಸಲ ಹೇಳಿ ಪರಿಹಾರ ಪಡೆದ. “ನಿಮ್ಮನ್ನ ಯಾವತ್ತು ತೆಗೆದ್ರು, ಸಾಬ್ರೇ?” ಎಂದರು ಅಮೀನರು. ಸಾಬರು ಬಾಯಿ ತೆರೆದರು, ಬಸ್ಸಿನ ಕಡೆಗೊಮ್ಮೆ ನೋಡಿದರು, ಅದು ಕೇಳಿಸಿಕೊಂಡೀತೆಂಬಂತೆ ದನಿ ತಗ್ಗಿಸಿ, “ನನ್ನ ಯಾರ್ ಸ್ವಾಮಿ ತೆಗ್ದೋರು? ಇವತ್ತೂ ಡೂಟಿಗೇ ಬಂದಿವ್ನಿ” ಎಂದರು.