ಬಾಯ್ಲರಿನ ಹಣೆಗೆ ಬೊಟ್ಟು

ವಿದ್ಯಾರಣ್ಯಪುರಂನ ಬೀರಯ್ಯ ಒಂದು ಕಾಲದಲ್ಲಿ ಸಾಮ್ರಾಟ. ಊರಾಚೆಯ ಬಟ್ಟೆ ಗಿರಣಿಯಲ್ಲಿ ಕಲ್ಲಿದ್ದಲಿನ ಬಾಯ್ಲರಿಗೆ ಬೆಂಕಿ ಹಾಕಿ, ಡೈನಮೋ ತಿರುಗಿಸಿ, ಅರವತ್ತು ಮಗ್ಗಗಳಿಗೆ ಜೀವ ಕೊಡುತ್ತಿದ್ದವನು ಅವನೇ. ಶಿವನಸಮುದ್ರದ ಕರೆಂಟು ಗಿರಣಿಗೂ ಬಂದ ದಿನ ಬಾಯ್ಲರು ತಣ್ಣಗಾಯಿತು, ಸಾಮ್ರಾಟರ ಕೈಗೆ ಪೊರಕೆ ಬಂತು. ಏಳು ವರ್ಷ ಅಂಗಳ ಗುಡಿಸಿದ್ದಾಯಿತು.

ಆಮೇಲೊಂದು ವರ್ಷ ಮಳೆ ಕೈಕೊಟ್ಟಿತು. ಹೊಳೆ ಸೊರಗಿತು, ಕರೆಂಟು ಕಟ್ಟಾಯಿತು. ಊರೆಲ್ಲ ಆಕಾಶ ನೋಡಿ ನಿಟ್ಟುಸಿರು ಬಿಡುತ್ತಿದ್ದರೆ ಬೀರಯ್ಯನೊಬ್ಬ ಮೀಸೆ ತಿರುವುತ್ತಿದ್ದ. ಗಿರಣಿಯ ಇಂಜಿನಿಯರ್ ಶಿವರುದ್ರಪ್ಪನವರು ಅವನನ್ನು ಕರೆಸಿಯೇಬಿಟ್ಟರು.

"ಬಾಯ್ಲರು ಹಚ್ಚಯ್ಯ. ದಸರಾ ಮುಗಿಯೋವರೆಗೂ ಸರಿಯಾಗಿ ನಡೆಸಿದ್ರೆ ಆ ಕೆಲಸ ನಿಂಗೆ ಖಾಯಂ. ಏನಾದ್ರೂ ಎಡವಟ್ಟಾಯ್ತೋ, ಗೇಟಿನ ಆಚೆ."

ಆಯುಧಪೂಜೆ ಬಂತು. ಬೀರಯ್ಯ ಬಾಯ್ಲರಿಗೆ ಮೈ ತೊಳೆದ, ಚೆಂಡುಹೂವಿನ ಹಾರ ಹಾಕಿದ. ಬೊಟ್ಟು ಇಡಲು ಮುಖವೊಂದು ಬೇಕಲ್ಲ? ಒಳಗೆ ನೀರೆಷ್ಟಿದೆ ಎಂದು ತೋರಿಸುವ ಗೇಣುದ್ದದ ಗಾಜಿನ ಕೊಳವೆ ಮುಂಭಾಗದಲ್ಲೇ ಇತ್ತು. ಅದರ ತುಂಬ ದಪ್ಪಗೆ ವಿಭೂತಿ ಬಳಿದು, ನಟ್ಟನಡುವೆ ಕುಂಕುಮವಿಟ್ಟ. ಶಿವರುದ್ರಪ್ಪನವರೇ ಬೂದುಗುಂಬಳ ಒಡೆದು ಮಂಗಳಾರತಿ ತೆಗೆದುಕೊಂಡರು.

ಮರುದಿನ ವಿಜಯದಶಮಿ. ಬಟ್ಟೆ ತುರ್ತಾಗಿ ಹೋಗಬೇಕು, ರಜೆಯಿಲ್ಲ, ಬೆಂಕಿ ಹಾಕು ಎಂದು ಅಪ್ಪಣೆಯಾಯಿತು. ಕಲ್ಲಿದ್ದಲು ಹೊರುವ ಪುಟ್ಟಣ್ಣ ಕೊಳವೆಯನ್ನು ದಿಟ್ಟಿಸಿದ.

"ಅಣ್ಣೋ, ಗಾಜೇ ಕಾಣಿಸ್ತಿಲ್ವಲ್ಲ. ಒಂಚೂರು ಒರೆಸ್ಬುಡು."

"ಬಾಯ್ಮುಚ್ಚೋ! ದಶಮಿ ಕಳೆಯೋಕೆ ಮುಂಚೆ ಪೂಜೆ ಬೊಟ್ಟು ಅಳಿಸ್ತಾರೇನೋ? ಹಬ್ಬದ ದಿನ ನಿನ್ ಹೆಂಡ್ತಿ ಕುಂಕುಮ ಅಳಿಸ್ತೀಯಾ?"

"ನೀರೆಷ್ಟೈತೆ ಅಂತ ಎಂಗ್ ಗೊತ್ತಾಯ್ತದೆ?"

"ಇಪ್ಪತ್ ವರ್ಸ ಇವಳ ಜೊತೆ ಸಂಸಾರ ಮಾಡಿವ್ನಿ ಕಣೋ. ಉಸಿರು ಕೇಳಿದ್ರೆ ಸಾಕು."

ಬಾಯ್ಲರಿಗೆ ನೀರು ತುಂಬುವ ಪಂಪು ನಿಂತುಹೋಗಿದ್ದು ಯಾರಿಗೂ ತಿಳಿಯಲಿಲ್ಲ. ಹತ್ತು ಗಂಟೆಗೆ ಬಾಯ್ಲರಿನ ಉಸಿರು ಸಣ್ಣಗಾಯಿತು. ತಾಯಿ ಪ್ರಸನ್ನಳಾದಳೆಂದು ಬೀರಯ್ಯ ಇನ್ನೆರಡು ಸಲಿಕೆ ಕಲ್ಲಿದ್ದಲು ಅರ್ಪಿಸಿದ. ಒಲೆಯ ನೆತ್ತಿಯ ತಗಡು ನೀರಿಲ್ಲದೆ ಕಾಯಿತು, ಹಾಗಾದಾಗ ಕರಗಲೆಂದೇ ಅದರಲ್ಲಿ ಇಟ್ಟಿದ್ದ ಸೀಸದ ಬಿರಡೆ ಕರಗಿತು. ಆವಿ ಒಲೆಯ ಮೇಲೆ ಸುರಿದು, ಬೆಂಕಿ ಕೆಂಡಗಳ ಸಮೇತ ಒಲೆಯ ಬಾಗಿಲಿನಿಂದ ಹೊರಗೆ ಚಿಮ್ಮಿತು. ಸಾಮ್ರಾಟರು ಹಿಮ್ಮೆಟ್ಟಲಿಲ್ಲ, ಹಿಮ್ಮೆಟ್ಟುವಷ್ಟು ಹೊತ್ತು ಸಿಗಲಿಲ್ಲ. ಬುಟ್ಟಿ ತರಲು ಹೋಗಿದ್ದ ಪುಟ್ಟಣ್ಣ ಬದುಕಿಕೊಂಡ.

ಮೂರನೆಯ ದಿನ ಶಿವರುದ್ರಪ್ಪನವರು ಆಸ್ಪತ್ರೆಗೆ ಕಾಗದವೊಂದನ್ನು ತಂದರು. ತಪ್ಪೆಲ್ಲ ಬೀರಯ್ಯನದೇ ಎಂದು ಅದರಲ್ಲಿತ್ತು.

"ಹೆಬ್ಬೆಟ್ಟು ಒತ್ತಯ್ಯ."

ಬೀರಯ್ಯ ಎರಡೂ ಕೈಗಳನ್ನು ಎತ್ತಿ ತೋರಿಸಿದ. ಮೊಣಕೈವರೆಗೂ ಬಟ್ಟೆ ಸುತ್ತಿತ್ತು. "ಎಲ್ಲೈತೆ ಅಂತ ನೀವೇ ಹುಡುಕ್ಕಳಿ ಸ್ವಾಮಿ."

ಹೆಂಡತಿ ದೇವಿರಮ್ಮ ಎದ್ದು ನಿಂತಳು. "ಮಂಗಳಾರತಿ ತಗೊಳ್ವಾಗ ನಿಮ್ ಕಣ್ಣು ಎಲ್ಲಿತ್ತು ಬುದ್ಧಿ?"

ಅವರು ನೆಲ ನೋಡಿದರು. "ಒತ್ತದಿದ್ರೆ ಗಿರಣಿಯವರು ಔಷಧಿ ನಿಲ್ಲಿಸ್ತಾರೆ ಕಣಮ್ಮ."

ಬೀರಯ್ಯ ಗೋಡೆಯ ಕಡೆಗೆ ತಿರುಗಿದ. ದೇವಿರಮ್ಮ ಅವನ ಬೆನ್ನನ್ನು ಒಮ್ಮೆ ನೋಡಿ ತನ್ನ ಹೆಬ್ಬೆರಳು ಚಾಚಿದಳು. ಶಿವರುದ್ರಪ್ಪನವರು ಅದಕ್ಕೆ ಮಸಿ ಹಚ್ಚಿದರು.