ಸಾಕಾಗ್ತದಾ ಎಂದು ಕೇಳುತ್ತಿದ್ದ ಮೈಮುನಕ್ಕ

ಮೈಮುನಕ್ಕ ಎಡಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗುವವರು. ದರ್ಬೆಯ ರಸ್ತೆಯಲ್ಲಿ ಅವರ ಹಳೆಯ ಬಿಳಿ ಕಾರು ಕಂಡರೆ ರಿಕ್ಷಾದವರು ಒಂದಿಷ್ಟು ಹಿಂದೆಯೇ ನಿಂತು, ಅವರು ಯಾವ ಕಡೆಗೆ ಹೋಗುತ್ತಾರೆಂದು ಖಚಿತವಾದ ಮೇಲೆ ಮುಂದೆ ಬರುತ್ತಿದ್ದರು. ಗಂಡನಿಗೆ ಶಾರ್ಜಾದಲ್ಲಿ ಅಂಗಡಿ. ಮಕ್ಕಳನ್ನು ಶಾಲೆಗೆ ಬಿಡಲು ಯಾರ ಕೈಕಾಲು ಹಿಡಿಯುವುದೂ ಬೇಡವೆಂದು ಅವರು ನಲವತ್ತರ ಹತ್ತಿರ ಡ್ರೈವಿಂಗ್ ಕಲಿತಿದ್ದರು. ಬುರ್ಖಾದ ತೋಳನ್ನು ಮೊಣಕೈವರೆಗೆ ಏರಿಸಿ, ಸ್ಟಿಯರಿಂಗಿಗೆ ಎದೆ ತಾಗುವಷ್ಟು ಮುಂದೆ ಬಾಗಿ ಓಡಿಸುತ್ತಿದ್ದರು.

ನಾವು ಬಾಡಿಗೆಗಿದ್ದ ಮನೆಯೂ ಅವರ ಮನೆಯೂ ಒಂದೇ ಕಂಪೌಂಡಿನಲ್ಲಿದ್ದವು. ಬಾವಿ ಒಂದೇ, ಬಟ್ಟೆ ಒಣಗಿಸುವ ಹಗ್ಗವೂ ಒಂದೇ. ಅವರು ಏನು ಹೇಳಿದರೂ ಪೂರ್ತಿ ಧೈರ್ಯದಿಂದ ಹೇಳುತ್ತಿದ್ದರು. ಮರುದಿನ ಅದಕ್ಕೆ ತದ್ವಿರುದ್ಧವಾದದ್ದನ್ನು ಅಷ್ಟೇ ಧೈರ್ಯದಿಂದ ಹೇಳುತ್ತಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರದ ಟೈಲರನಂಥವ ಊರಲ್ಲೇ ಇಲ್ಲ ಎಂದು ನನ್ನ ರವಿಕೆ ಬಟ್ಟೆಯನ್ನು ತಾವೇ ಕೊಂಡುಹೋಗಿ ಕೊಟ್ಟು ಬಂದರು. ಮರುದಿನ ಬೆಳಿಗ್ಗೆ, "ಆ ಟೈಲರ್ ಬೇಡ, ಅವ ಬಟ್ಟೆ ಹಾಳು ಮಾಡ್ತಾನೆ" ಎಂದರು. ನಿನ್ನೆ ನೀವೇ ಹೇಳಿದ್ದಲ್ಲವಾ ಎಂದು ನಾನು ಕೇಳಿದೆ.

"ನಿನ್ನೆ ಹೇಳಿದ್ದು ನಿನ್ನೆಗೆ ಆಯ್ತಲ್ಲ ಮಾರಾಯ್ತಿ. ಮಲಗಿದ ಮೇಲೆ ಪುನಃ ಯೋಚನೆ ಮಾಡಿದೆ."

ಅವರ ಈ ಮರುಯೋಚನೆಯನ್ನು ನಾನೂ ನನ್ನ ಗಂಡ ಉಮೇಶನೂ ಊಟಕ್ಕೆ ಕೂತಾಗಲೆಲ್ಲ ನೆನೆದು ನಗುತ್ತಿದ್ದೆವು. ನನಗೆ ಮಗಳು ಹುಟ್ಟುವವರೆಗೂ ಅದು ನಗುವ ವಿಷಯವೇ ಆಗಿತ್ತು.

ಬಾಣಂತನಕ್ಕೆ ನಾನು ತವರಿಗೆ ಹೋಗಲಿಲ್ಲ. ಆಸ್ಪತ್ರೆ ಹತ್ತಿರ ಇರಲಿ ಎಂದು ಅಮ್ಮನೇ ಸುಳ್ಯದಿಂದ ಬಂದರು. ಮಗು ಬಹಳ ಸೌಮ್ಯ. ಎದೆಗೆ ಹಿಡಿದರೆ ಸ್ವಲ್ಪ ಚೀಪುತ್ತಿತ್ತು, ಹಾಗೆಯೇ ಕಣ್ಣು ಮುಚ್ಚುತ್ತಿತ್ತು. ಹೊತ್ತುಹೊತ್ತಿಗೆ ಅಳುವುದೂ ಇಲ್ಲ, ಹಟವೂ ಇಲ್ಲ. ಬಂದವರೆಲ್ಲ ನನ್ನ ಪುಣ್ಯವನ್ನು ಹೊಗಳಿದರು. "ಪಾಪದ ಮಗು, ತುಂಬಾ ಸಾಧು. ಅಮ್ಮನಿಗೆ ತೊಂದರೆಯೇ ಕೊಡುದಿಲ್ಲ" ಎಂದು ಅಮ್ಮ ಎಲ್ಲರಿಗೂ ಹೇಳುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಗಲಿಬಿಲಿ. ಬಾಟಲಿಯಾದರೆ ಎಷ್ಟು ಇಳಿಯಿತೆಂದು ಕಾಣುತ್ತದೆ. ಇಲ್ಲಿ ನನ್ನ ಮೈಯಿಂದ ಎಷ್ಟು ಹೋಯಿತು, ಅದರ ಹೊಟ್ಟೆಗೆ ಎಷ್ಟು ಸೇರಿತು ಎಂದು ಯಾರಿಗೂ ಕಾಣುವುದಿಲ್ಲ. ಕೇಳಿದರೆ ಅಮ್ಮ, "ಹೊಟ್ಟೆ ತುಂಬಿದ್ದಕ್ಕೇ ಮಲಗುದು. ನೀನು ಎಂತ ಎಲ್ಲದಕ್ಕೂ ಹೆದರುದು?" ಎನ್ನುತ್ತಿದ್ದರು. ಅದೂ ಸರಿಯೆನಿಸುತ್ತಿತ್ತು.

ಮಗುವಿಗೆ ವಾರ ದಾಟಿದ ಮೇಲೆ ಮೈಮುನಕ್ಕ ನೋಡಲು ಬಂದರು. ತೊಟ್ಟಿಲಿಗೆ ಬಾಗಿ ನೋಡಿ, "ಹಾಲು ಬೇಕಾದಷ್ಟು ಉಂಟು. ನೋಡು, ಹೇಗೆ ಮಲಗಿದೆ" ಎಂದು ತೀರ್ಪು ಕೊಟ್ಟರು. ಅಮ್ಮನಿಗೆ ಖುಷಿಯಾಯಿತು. ಇಬ್ಬರೂ ಚಹಾ ಕುಡಿದರು.

ಮರುದಿನ ಬೆಳಿಗ್ಗೆ ಅವರು ಕರೆಯದೇ ಬಂದರು. ಚಪ್ಪಲಿ ಕಳಚುವ ಮೊದಲೇ ಕೇಳಿದರು, "ಬಟ್ಟೆ ಚಂಡಿ ಆಗ್ತದಾ?"

ನನಗೆ ಪ್ರಶ್ನೆ ಅರ್ಥವಾಗಲಿಲ್ಲ.

"ಮಗು ಮೂತ್ರ ಮಾಡ್ತದಾ ಅಂತ ಕೇಳಿದ್ದು. ನಿನ್ನೆ ಹಗ್ಗದಲ್ಲಿ ನನ್ನ ಬಟ್ಟೆಗೇ ಪೂರ್ತಿ ಜಾಗ ಸಿಕ್ಕಿತು. ಸಣ್ಣ ಮಗು ಇರುವ ಮನೆಯಲ್ಲಿ ಹಾಗೆ ಜಾಗ ಸಿಗ್ಲಿಕ್ಕಿಲ್ಲ."

ಅಮ್ಮ ನಕ್ಕರು. ಒಗೆಯುವ ಕೆಲಸ ಕಡಿಮೆಯಾಯಿತೆಂದು ನಾವು ಸಮಾಧಾನಪಟ್ಟಿದ್ದೆವು. ಆ ದಿನ ಬೆಳಗಾದ ಮೇಲೆ ಬಟ್ಟೆ ಬದಲಿಸಿಯೇ ಇರಲಿಲ್ಲ. ಬಿಚ್ಚಿ ನೋಡಿದರೆ ಒದ್ದೆಯಿರಲಿಲ್ಲ. ನಡುವೆ ಇಟ್ಟಿಗೆಪುಡಿಯ ಬಣ್ಣದ ಒಂದು ಸಣ್ಣ ಕಲೆಯಿತ್ತು. ಮೈಮುನಕ್ಕ ಮಗುವಿನ ಅಂಗಾಲಿಗೆ ಬೆರಳು ತಾಗಿಸಿ ಎಬ್ಬಿಸಲು ನೋಡಿದರು. ಅದು ಮುಖ ಕಿವುಚಿ ಪುನಃ ನಿದ್ದೆಗೆ ಜಾರಿತು.

"ಎಂತಾಗಿದೆ ಅಕ್ಕ?" ಎಂದೆ.

"ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಹೋಗುವ. ಹೊರಡು."

ಕಡಬದಲ್ಲಿ ಮೇಷ್ಟ್ರಾಗಿದ್ದ ಉಮೇಶ ಶಾಲೆಗೆ ಹೋಗಿ ಆಗಿತ್ತು. ಅಮ್ಮ, "ಇಷ್ಟಕ್ಕೆಲ್ಲ ಡಾಕ್ಟ್ರಾ?" ಎಂದು ಗೊಣಗುತ್ತಲೇ ಮಗುವನ್ನು ಸುತ್ತಿ ಕೊಟ್ಟು, ತಾವೂ ಕಾರು ಹತ್ತಿದರು. ದಾರಿಯಲ್ಲಿ ಮೈಮುನಕ್ಕ ಎರಡು ಸಲ ಕಾರು ನಿಧಾನ ಮಾಡಿ, "ಸುಮ್ಮನೆ ನಿನ್ನನ್ನು ಹೆದರಿಸಿದೆನಾ ಎಂತ" ಎಂದರು. ಆದರೆ ಕಾರು ತಿರುಗಿಸಲಿಲ್ಲ.

ತೂಕದ ಯಂತ್ರದ ಮೇಲೆ ಮಲಗಿಸಿದಾಗ ಡಾಕ್ಟರಮ್ಮನ ಮುಖ ಬದಲಾಯಿತು. ಹುಟ್ಟಿದಾಗ ಇದ್ದ ತೂಕಕ್ಕಿಂತ ಮಗು ಬಹಳ ಇಳಿದಿತ್ತು. ಮೈಯಲ್ಲಿ ನೀರಿನಂಶ ಕಡಿಮೆಯಾಗಿದೆ, ಇಲ್ಲೇ ಇರಬೇಕು ಎಂದರು. "ಅಳುವುದೇ ಇಲ್ಲ ಡಾಕ್ಟ್ರೇ, ಅದಕ್ಕೇ ಸಾಕಾಗ್ತದೆ ಅಂತ..." ಎಂದು ನಾನು ತೊದಲಿದೆ. "ಅಳಲಿಕ್ಕೂ ಶಕ್ತಿ ಬೇಕಲ್ಲ" ಎಂದರು ಅವರು, ಗದರಿಸದೆ.

ನರ್ಸ್ ಬಂದು ನನ್ನ ಪಕ್ಕ ಕೂತು ನೋಡಿದಳು. ನನ್ನಲ್ಲಿ ಹಾಲಿತ್ತು. ಮಗು ತೊಟ್ಟಿನ ತುದಿಯನ್ನಷ್ಟೇ ಹಿಡಿಯುತ್ತಿದ್ದುದರಿಂದ ಅದಕ್ಕೆ ಸಿಗುತ್ತಿರಲಿಲ್ಲ. ಬಾಯಿ ದೊಡ್ಡದಾಗಿ ತೆರೆಸಿ, ಸುತ್ತಲಿನ ಕಪ್ಪುಭಾಗವೂ ಒಳಗೆ ಹೋಗುವಂತೆ ಹಿಡಿಸಲು ಅವಳು ಕಲಿಸಿದಳು. ಹಿಂಡಿ ತೆಗೆದ ಹಾಲನ್ನು ಚಮಚದಲ್ಲಿ ಕೊಡಿಸಿದಳು. ನಿದ್ದೆ ಮಾಡಿದರೂ ಎಬ್ಬಿಸಿ ಕುಡಿಸಬೇಕೆಂದಳು.

ಮಧ್ಯಾಹ್ನ ಮಗು ಅಮ್ಮನ ಮಡಿಲಲ್ಲಿತ್ತು. ನಾನು ಹೊರಗಿನ ಬೆಂಚಿನಲ್ಲಿ ಮೈಮುನಕ್ಕನ ಪಕ್ಕ ಕೂತೆ. ಅವರು ತಮ್ಮಷ್ಟಕ್ಕೇ ಹೇಳುವಂತೆ ಹೇಳಿದರು:

"ನನ್ನ ಮೊದಲನೆಯದು ಗಂಡು. ಕುಂಬ್ರದಲ್ಲಿ, ತವರಿನಲ್ಲಿ, ಉಮ್ಮನ ಮನೆಯಲ್ಲಿ ಹುಟ್ಟಿದ್ದು. ಅದೂ ಅಳ್ತಿರ್ಲಿಲ್ಲ. ಒಳ್ಳೆ ಮಗು ಅಂತ ಎಲ್ಲರೂ ಹೇಳಿದರು. ನಾನೂ ಹೇಳಿದೆ. ತಿಂಗಳು ತುಂಬುವ ಮೊದಲೇ ಹೋಯ್ತು. ಜ್ವರ ಅಂತ ಒಬ್ಬರು ಹೇಳಿದರು, ಹುಟ್ಟುವಾಗಲೇ ಏನೋ ಇತ್ತು ಅಂತ ಇನ್ನೊಬ್ಬರು. ಹಾಲು ಸಾಕಾಗ್ತಿತ್ತಾ ಇಲ್ಲವಾ, ನನಗೆ ಈಗಲೂ ಗೊತ್ತಿಲ್ಲ. ಬಟ್ಟೆ ಚಂಡಿ ಆಗ್ತಿತ್ತಾ ಅಂತ ನೆನಪು ಮಾಡಿ ನೋಡ್ತೇನೆ. ಒಂದೊಂದು ಸಲ ಆಗ್ತಿತ್ತು ಅನ್ನಿಸ್ತದೆ, ಒಂದೊಂದು ಸಲ ಇಲ್ಲ ಅನ್ನಿಸ್ತದೆ."

ನಾನು ಅವರ ಕೈ ಹಿಡಿದೆ. ಅವರು ಕೈ ಬಿಡಿಸಿಕೊಂಡು ಎದ್ದು, "ಚಹಾ ತರ್ತೇನೆ" ಎಂದು ಹೋದರು. ಚಹಾದ ಬದಲು ಎಳನೀರು ತಂದರು.

ಮನೆಗೆ ಬಂದ ಮೇಲೆ ಮಗು ಚೇತರಿಸಿತು. ಚೇತರಿಸಿದ್ದೇ ಅಳಲು ಶುರುಮಾಡಿತು. ಸಂಜೆಯಾದರೆ ಸಾಕು, ಎದೆ ಬಿಡುತ್ತಿರಲಿಲ್ಲ. ಬಿಡಿಸಿದರೆ ಮುಖ ಕೆಂಪಾಗುವಂತೆ ಕಿರುಚುತ್ತಿತ್ತು. ನನ್ನ ಗೊಂದಲ ಇಮ್ಮಡಿಯಾಯಿತು. ಹಸಿದಿದ್ದಾಗ ಸುಮ್ಮನಿದ್ದ ಮಗು ಕುಡಿದ ಮೇಲೆ ಯಾಕೆ ಅಳುತ್ತದೆ? ಆಲಂಕಾರಿನಿಂದ ಬಂದ ಉಮೇಶನ ಚಿಕ್ಕಮ್ಮ ಎರಡೇ ಮಾತಿನಲ್ಲಿ, "ಹಾಲು ಸಾಲುದಿಲ್ಲ. ಡಬ್ಬಿ ಹಾಲು ಕೊಡಿ" ಎಂದರು. ಸಂಜೆ ಮೈಮುನಕ್ಕನೇ ಮೆಡಿಕಲಿನಿಂದ ಡಬ್ಬಿ ತಂದು ಮೇಜಿನ ಮೇಲಿಟ್ಟರು. "ಕೊಡು, ಪಾಪ. ಹಸಿವು ಅದಕ್ಕೆ."

ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು ನಾನು ಬಹಳ ಹೊತ್ತು ಕೂತಿದ್ದೆ. ತೆರೆದರೆ ನಾನು ಸೋತಂತೆ ಅನಿಸಿತು. ತೆರೆಯದಿದ್ದರೆ ಮಗುವನ್ನು ಇನ್ನೊಮ್ಮೆ ಹಸಿವಿಗೆ ಬಿಟ್ಟಂತೆ. ನೀವೇ ಹೇಳಿ ಎಂದು ಉಮೇಶನನ್ನು ಕೇಳಿದರೆ ಅವರು ಡಬ್ಬಿಯನ್ನೂ ಮಗುವನ್ನೂ ನೋಡಿ ತಲೆ ಕೆರೆದುಕೊಂಡರು. ಅಷ್ಟರಲ್ಲಿ ಮಗು ಮಲಗಿತು.

ಮರುದಿನ ಮೈಮುನಕ್ಕ ಬಾಗಿಲಲ್ಲೇ ಕೇಳಿದರು, "ಕೊಟ್ಟೆಯಾ? ಕೊಡದಿದ್ದರೆ ಸ್ವಲ್ಪ ತಡಿ. ಬಟ್ಟೆ ಚಂಡಿ ಆಗ್ತದಲ್ಲ?"

"ಆಗ್ತದೆ ಅಕ್ಕ. ಒಗೆದು ಒಗೆದು ಅಮ್ಮನಿಗೆ ಸಾಕಾಗಿದೆ."

"ಹಾಗಾದರೆ ಮೊದಲು ತೂಕ ನೋಡುವ. ಆಮೇಲೆ ಬೇಕಾದರೆ ಕೊಡುವ."

ತೂಕ ಏರಿತ್ತು, ಚೆನ್ನಾಗಿಯೇ. ಸಂಜೆ ಹೀಗೆ ಪದೇಪದೇ ಕುಡಿಯುವುದು, ರಂಪ ಮಾಡುವುದು ಈ ವಯಸ್ಸಿಗೆ ಸಹಜ ಎಂದರು ಡಾಕ್ಟರಮ್ಮ. ಮೂತ್ರ ಚೆನ್ನಾಗಿ ಹೋಗಲಿ, ತೂಕ ಏರಲಿ, ಕುಡಿಯುವಾಗ ನುಂಗುವ ಸದ್ದು ಕೇಳಲಿ; ಅಳುವೊಂದನ್ನೇ ನಂಬಬೇಡಿ ಎಂದರು. ಮೈಮುನಕ್ಕ ತಲೆಯಾಡಿಸಿದರು. ಕಾರಿಗೆ ಹತ್ತಿದ ಮೇಲೆ ನನ್ನನ್ನು ಕೇಳಿದರು, "ಅವರು ಹೇಳಿದ್ದು ಸರಿ. ಆದರೂ, ಸಾಕಾಗ್ತದಾ?"

ಮಗಳು ಅಂಗನವಾಡಿಗೆ ಹೋಗುವ ಹೊತ್ತಿಗೆ ಅವರು ಶಾರ್ಜಾಕ್ಕೆ ಹೊರಟರು. ಅಲ್ಲಿ ಅವರ ಮಗಳು ಶಾಹಿದಾಳಿಗೆ ಚೊಚ್ಚಲ ಹೆರಿಗೆ. ಹೊರಡುವ ದಿನ ನಮ್ಮ ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತು, "ಹಾಲು ಸಾಕಾಗ್ತದಾ ಅಂತ ಹೇಗೆ ನೋಡುದು? ಒಮ್ಮೆ ಹೇಳು" ಎಂದರು.

"ನಿಮಗೆ ಗೊತ್ತುಂಟಲ್ಲ ಅಕ್ಕ. ನನಗೆ ಹೇಳಿದ್ದೇ ನೀವು."

"ಗೊತ್ತುಂಟು. ಆದರೂ ಹೇಳು."

ನಾನು ಹೇಳಿದೆ. ಅವರು ನೆಲ ನೋಡುತ್ತ ಪೂರ್ತಿ ಕೇಳಿದರು. ಅದೇ ಕೊನೆಯ ಭೇಟಿ.

ಕೆಲವು ತಿಂಗಳ ಬಳಿಕ ಅಲ್ಲಿಯೇ ಹೃದಯಾಘಾತದಿಂದ ಅವರು ತೀರಿಕೊಂಡರು. ಅಲ್ಲಿಯೇ ಮಣ್ಣು ಮಾಡಿದರಂತೆ. ಬಿಳಿ ಕಾರನ್ನು ಯಾರೋ ಕೊಂಡುಹೋದರು. ಆ ಮನೆಗೆ ಬಾಡಿಗೆಯವರು ಬಂದರು.

ಮರುವರ್ಷ ಒಂದು ಬೆಳಿಗ್ಗೆ ನನ್ನ ಫೋನಿಗೆ ಹೊರದೇಶದ ಕರೆ ಬಂತು. ಶಾಹಿದಾ. ಎರಡನೆಯ ಹೆರಿಗೆಯಾಗಿದೆ ಎಂದಳು. ಹಿಂದಿನಿಂದ ಮಗುವಿನ ಅಳು ಕೇಳುತ್ತಿತ್ತು.

"ಮೊದಲನೆಯದಕ್ಕೆ ಉಮ್ಮ ಇದ್ದರು. ಇದಕ್ಕೆ ಯಾರನ್ನು ಕೇಳುದು ಅಂತ ಗೊತ್ತಾಗ್ಲಿಲ್ಲ. ದರ್ಬೆಯ ಅನಿತಾ ಇದ್ದಾಳಲ್ಲ, ಅವಳಿಗೆ ಎಲ್ಲ ಗೊತ್ತುಂಟು ಅಂತ ಉಮ್ಮ ಯಾವಾಗಲೂ ಹೇಳ್ತಿದ್ದರು. ಅಕ್ಕ, ಇವ ಕುಡಿದ ಮೇಲೂ ಅಳ್ತಾನೆ. ಹಾಲು ಸಾಕಾಗುದಿಲ್ಲವಾ ಎಂತ?"

ನನಗೆ ಎಲ್ಲ ಗೊತ್ತಿದೆಯೆಂದು ಮೈಮುನಕ್ಕ ಯಾಕೆ ಹೇಳಿದರೋ ನನಗೆ ತಿಳಿಯಲಿಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಒಲೆ ಆರಿಸಿ, ಮಣೆ ಎಳೆದು ಕೂತೆ.

"ಬಟ್ಟೆ ಚಂಡಿ ಆಗ್ತದಾ?" ಎಂದು ಕೇಳಿದೆ.