ಒರ್ಲೀನಾ ಕಾಲು ತೊಳೆಸಿಕೊಂಡ ಭಾನುವಾರ

ಹಳ್ಳ ಮನೆಯೊಳಗೆ ಬಂದು ಹೋಗಿ ಇಪ್ಪತ್ತಾರು ದಿನವಾಗಿತ್ತು. ಒರ್ಲೀನಾ ಇನ್ನೂ ಕೆಸರು ಬಾಚುತ್ತಲೇ ಇದ್ದಳು. ವಯಸ್ಸು ಅರವತ್ತಮೂರು. ಗಂಡ ಗಣಿಯಲ್ಲಿ ಕಲ್ಲಿದ್ದಲ ದೂಳು ನುಂಗಿ ನುಂಗಿ ಎಂಟು ವರ್ಷದ ಹಿಂದೆ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅಂಗಳದಲ್ಲಿ ಸರ್ಕಾರದವರು ತಂದು ನಿಲ್ಲಿಸಿದ ಬಿಳಿ ಗಾಲಿಮನೆ, ಆ ಟ್ರೇಲರಿನಲ್ಲಿ ಮಲಗುವುದು, ಬೆಳಗಾದರೆ ಸನಿಕೆ ಹಿಡಿದು ತನ್ನದೇ ಮನೆಗೆ ಕೂಲಿಯವಳ ಹಾಗೆ ಹೋಗುವುದು. ಮಾತಿಗೆ ಯಾರೂ ಸಿಗದೆ ಕೆಸರಿನ ಜೊತೆಯೇ ಮಾತಾಡುವುದು ಅವಳಿಗೆ ರೂಢಿಯಾಗಿತ್ತು.

“ಬಾ ಈಚೆಗೆ. ಬಾಡಿಗೆಗೆ ಬಂದೋರ ಥರ ಮೂಲೆ ಹಿಡಿದು ಕೂತಿದೀಯಲ್ಲ!”

ಕೆಂಟಕಿಯ ಆ ಕಣಿವೆಯಲ್ಲಿ ಹಳ್ಳ ಏರುವುದು ಹೊಸದಲ್ಲ. ಈ ಸಲದ್ದು ದೇವರು ಕೊಟ್ಟ ಕೆಸರು ಅಂತ ಒರ್ಲೀನಾ ಒಪ್ಪಲು ತಯಾರಿರಲಿಲ್ಲ. ಇದು ಐವಲೀ ಕೊಟ್ಟ ಕೆಸರು. ಮೇಲಿನ ಮನೆಯಲ್ಲಿ ಒಬ್ಬಳೇ ಇರುವ ಐವಲೀ ತನ್ನ ಕಾರು ಹಳ್ಳ ದಾಟಲೆಂದು ಮೋರಿ ಕಟ್ಟಿಸಿದ್ದಳು. ಅದರ ಕೊಳವೆ ತೀರಾ ಸಣ್ಣದು. ಮರದ ದಿಮ್ಮಿ, ಮುರಿದ ಬೇಲಿ, ಯಾರದೋ ಕೋಳಿಗೂಡು ಎಲ್ಲ ತೇಲಿ ಬಂದು ಅದರ ಬಾಯಿಗೆ ಕಚ್ಚಿಕೊಂಡವು. ನೀರು ಅಡ್ಡಹಾದಿ ಹಿಡಿದು ಒರ್ಲೀನಾಳ ಬಾಗಿಲು ಒದೆಯಿತು. ಐವಲೀ ಮನೆಯ ಕೆಳಗಿನ ಮೆಟ್ಟಿಲು ಕೂಡ ಒದ್ದೆಯಾಗಲಿಲ್ಲ. ಇಪ್ಪತ್ತಾರು ದಿನದಲ್ಲಿ ಅವಳು ಒಮ್ಮೆಯೂ ಕೆಳಗಿಳಿದು ಬಂದು “ಹೇಗಿದೀಯ?” ಅನ್ನಲಿಲ್ಲ.

ಇಬ್ಬರದೂ ಒಂದೇ ಚರ್ಚು. ವರ್ಷಕ್ಕೊಂದೇ ಸಲ, ಆಗಸ್ಟಿನ ಕೊನೆಯ ಭಾನುವಾರ, ಸ್ವಾಮಿ ತನ್ನ ಕೊನೆಯ ಊಟದಲ್ಲಿ ಹನ್ನೆರಡು ಮಂದಿ ಶಿಷ್ಯರಿಗೆ ಮಾಡಿದ ಹಾಗೆ ಅಲ್ಲಿ ರೊಟ್ಟಿ ಮುರಿಯುತ್ತಾರೆ, ಒಬ್ಬರ ಕಾಲನ್ನು ಇನ್ನೊಬ್ಬರು ತೊಳೆಯುತ್ತಾರೆ. ಅದಕ್ಕೆ ಮುಂಚೆ ಶನಿವಾರ ಸಭೆ ಸೇರಿ ಬೋಧಕ ಒಂದೇ ಪ್ರಶ್ನೆ ಕೇಳುತ್ತಾನೆ: “ಎಲ್ಲರೂ ಸಮಾಧಾನದಲ್ಲಿ ಇದೀರಾ?” ಯಾರಾದರೊಬ್ಬರು ಇಲ್ಲ ಅಂದರೆ, ಆ ಜಗಳ ತೀರುವ ತನಕ ಇಡೀ ಸಭೆಗೆ ರೊಟ್ಟಿಯಿಲ್ಲ. ಹಾಗಾಗಿ ಯಾರೂ ಇಲ್ಲ ಅನ್ನುವುದಿಲ್ಲ. ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ಬೆಂಚು ನೋಡುತ್ತಾ ಕೂರುತ್ತಾರೆ, ಬೋಧಕ ಆಮೆನ್ ಅಂದುಬಿಡುತ್ತಾನೆ. ಆ ಶನಿವಾರ ಒರ್ಲೀನಾಳೂ ಬೆಂಚು ನೋಡಿದಳು.

ಭಾನುವಾರ ಬೆಳಿಗ್ಗೆ ಟ್ರೇಲರಿನ ನಲ್ಲಿಯಲ್ಲಿ ನೀರಿಲ್ಲ. ಬಾಟಲಿಯ ನೀರು ಮುಖಕ್ಕೂ ಕಾಫಿಗೂ ಸರಿಹೋಯಿತು. ಕಾಲು ನೋಡಿಕೊಂಡಳು. ಉಗುರಿನ ಸಂದಿನಲ್ಲಿ, ಹಿಮ್ಮಡಿಯ ಬಿರುಕಿನಲ್ಲಿ ಹಳದಿ ಕೆಸರು ಗಾರೆಯ ಹಾಗೆ ಕೂತಿತ್ತು. ಸಾಲದ್ದಕ್ಕೆ ಮೂವತ್ತು ವರ್ಷ ಅವಳ ಕಾಲು ತೊಳೆದಿದ್ದ ಲೊರೀನ್ ಈಗ ಒಹಾಯೋದಲ್ಲಿ ಮಗಳ ಮನೆ ಸೇರಿದ್ದಳು. ಜೊತೆಯಿಲ್ಲದವಳು ಯಾವ ಬೆಂಚಿನಲ್ಲಿ ಕೂರುವುದು? ಹೋಗುವುದೇ ಬೇಡ ಅಂದುಕೊಳ್ಳುವಾಗ ಲೊರೀನಳದೇ ಫೋನು ಬಂತು.

“ಹೊರಟ್ಯೇನೇ?”

“ಇಲ್ಲ ಕಣೇ. ಕಾಲು ಹಂದಿ ಕಾಲಾಗಿದೆ.”

“ಥೂ ನಿನ್ನ! ಸ್ವಾಮಿ ತೊಳೆದದ್ದು ಯಾರ ಕಾಲು? ಆ ಹನ್ನೆರಡು ಗಂಡಸರೂ ಮನೇಲಿ ಸೋಪು ಹಚ್ಕೊಂಡು ಬಂದಿದ್ರಾ?”

ನಗು ಬರಬೇಕಿತ್ತು, ಬರಲಿಲ್ಲ. ಈ ಜನರ ಪೆದ್ದುತನವೇ ಅದು. ಕಾಲು ತೊಳೆಯುವ ಭಾನುವಾರ ಪ್ರತಿಯೊಬ್ಬರೂ ಮನೆಯಲ್ಲೇ ತಿಕ್ಕಿ, ಪೌಡರು ಹಾಕಿ, ಹೊಸ ಕಾಲುಚೀಲ ತೊಟ್ಟು ಬರುತ್ತಾರೆ. ತೊಳೆದದ್ದನ್ನೇ ತೊಳೆದು ಕಣ್ಣೀರು ಹಾಕುತ್ತಾರೆ. ಬೋಗುಣಿಯ ನೀರು ಹೋದ ಹಾಗೇ ತಿಳಿಯಾಗಿ ವಾಪಸು ಬರುತ್ತದೆ. ಇವರಿಗೆ ಸ್ವಾಮಿ ಯಾತಕ್ಕೆ, ಸೋಪು ಸಾಕಲ್ಲ!

“ಲೊರೀನ್, ನಿನ್ನೆ ನಾನು ಸುಳ್ಳು ಹೇಳ್ದೆ. ಬಾಯಿ ಮುಚ್ಕೊಂಡು ಹೇಳ್ದೆ. ಐವಲೀ ಮೇಲಿನ ಸಿಟ್ಟು ಇಟ್ಕೊಂಡು ರೊಟ್ಟಿ ಬಾಯಿಗಿಟ್ರೆ ನನಗದು ವಿಷ.”

“ಹಾಗಾದ್ರೆ ರೊಟ್ಟಿ ಬಿಡು. ಸುಳ್ಳೂ ಬಿಡು. ಹೋಗೋದನ್ನ ಮಾತ್ರ ಬಿಡಬೇಡ ಕಣೇ. ನಾನಿಲ್ಲಿ ಮಗಳ ಕಾರ್ಪೆಟ್ ಮೇಲೆ ಕಾಲಿಡೋಕೂ ಹೆದರ್ಕೊಂಡು ಕೂತಿದೀನಿ. ನನ್ನ ಪಾಲಿಗೂ ನೀನೇ ಹೋಗಬೇಕು.”

ಹೋದಳು, ರಬ್ಬರ್ ಬೂಟಿನಲ್ಲೇ. ಹೆಂಗಸರ ಕಡೆ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂತಳು. ರೊಟ್ಟಿಯ ತಟ್ಟೆ ಬಂದಾಗ ಮುಟ್ಟದೆ ಮುಂದಕ್ಕೆ ದಾಟಿಸಿದಳು. ಚರ್ಚಿನಲ್ಲಿ ಅದನ್ನು ಕಾಣದ ಕಣ್ಣಿರಲಿಲ್ಲ. ಬೋಧಕ ಹಾಡಿನ ಸಾಲು ಎತ್ತಿಕೊಟ್ಟ. ಸಭೆ ಅದನ್ನು ಎಳೆದು ಎಳೆದು ಹಾಡಿತು. ಹೆಂಗಸರು ಸೊಂಟಕ್ಕೆ ಟವೆಲು ಕಟ್ಟಿ ಜೋಡಿ ಜೋಡಿಯಾದರು. ಒರ್ಲೀನಾಳ ಕಡೆ ಯಾರೂ ಬರಲಿಲ್ಲ. ಇಷ್ಟು ಜನರ ನಡುವೆ ಇರುವುದಕ್ಕಿಂತ ಆ ಖಾಲಿ ಮನೆಯೇ ಮೇಲು ಅನ್ನಿಸಿತು. ಏಳಬೇಕು ಅಂದುಕೊಂಡಳು.

ಬೋಗುಣಿ ನೆಲಕ್ಕೆ ತಾಗಿದ ಸದ್ದಾಯಿತು. ಮುಂದೆ ಮಂಡಿಯೂರಿದ್ದವಳು ಐವಲೀ.

“ಬೂಟು ತೆಗಿ ಅಕ್ಕ.”

“ಅಕ್ಕ ಅಂತೆ ಅಕ್ಕ! ನಿನ್ನ ಮೋರಿ ನನ್ನ ಮನೆ ತಿಂತು.” ಮೆಲ್ಲಗೆ ಅನ್ನಬೇಕೆಂದಿದ್ದಳು, ದನಿ ಜೋರಾಗಿಯೇ ಬಂತು. ಪಕ್ಕದ ಬೆಂಚಿನ ಹಾಡು ನಿಂತಿತು.

“ಗೊತ್ತು.”

“ಗೊತ್ತಿದ್ದೂ ಒಂದು ದಿನ ಬಂದ್ಯಾ?”

“ಕೊಳವೆ ಹಾಕೋನು ದೊಡ್ಡದೇ ಹಾಕ್ಸಮ್ಮ ಅಂದಿದ್ದ. ನಾನೇ ಕಾಸಿಗೆ ಲೆಕ್ಕ ಹಾಕಿ ಸಣ್ಣದು ಸಾಕು ಅಂದೆ. ಅದನ್ನ ನಿನ್ನೆದುರು ಹೇಗೆ ಹೇಳಲಿ? ದಿನಾ ಕಿಟಕೀಲಿ ನಿಂತು ನೀನು ಸನಿಕೆ ಎತ್ತೋದು ನೋಡ್ತಿದ್ದೆ. ಬಾಗಿಲ ತನಕ ಬರ್ತಿದ್ದೆ, ಬಾಗಿಲು ದಾಟೋಕೆ ಆಗ್ತಿರಲಿಲ್ಲ.”

ಒರ್ಲೀನಾ ಬೂಟು ಕಿತ್ತಳು. ವಾಸನೆ ಎದ್ದಿತು. ಐವಲೀ ಮೂಗು ತಿರುಗಿಸಲಿಲ್ಲ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಬಿರುಕು ಬಿರುಕಿಗೆ ಹೆಬ್ಬೆರಳು ಹಾಕಿ ತಿಕ್ಕಿದಳು. ನೀರು ಒಮ್ಮೆಗೇ ಹಳ್ಳದ ಬಣ್ಣಕ್ಕೆ ತಿರುಗಿತು. ಹೊರಗೆ ಚೆಲ್ಲಿ ಬೇರೆ ತಂದಳು. ಅದೂ ಕೆಟ್ಟಿತು. ಮೂರನೆಯದು ತಂದಳು. ಕಿಟಕಿಯ ಬಿಸಿಲು ಬೋಗುಣಿಗೆ ಬಿದ್ದು, ಆ ರಾಡಿ ನೀರು ಜೇನಿನ ಹಾಗೆ ಹೊಳೆಯಿತು. ಅಷ್ಟು ಚೆಂದದ್ದನ್ನು ಒರ್ಲೀನಾ ಆ ಚರ್ಚಿನಲ್ಲಿ ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ.

“ನಾನು ಕ್ಷಮಿಸಿದೀನಿ ಅಂತ ತಿಳ್ಕೋಬೇಡ.”

“ತಿಳ್ಕೊಂಡಿಲ್ಲ. ಇನ್ನೊಂದು ಕಾಲು ಕೊಡು.”

ಆಮೇಲೆ ಒರ್ಲೀನಾಳ ಸರದಿ. ಐವಲೀಯ ಕಾಲು ಮನೆಯಲ್ಲೇ ತೊಳೆದು ಪೌಡರು ಹಾಕಿದ ಕಾಲು. ಟವೆಲು ಕಟ್ಟಿಕೊಂಡು ಮಂಡಿಯೂರಿದಳು. ಕೈ ಮುಂದಕ್ಕೆ ಹೋಗಲಿಲ್ಲ. ಸ್ವಾಮೀ, ಇವಳದ್ದು ನನ್ನಿಂದಾಗದು ಅಂದಳು ಮನಸ್ಸಿನಲ್ಲೇ. ಐವಲೀ ಆ ಕಿಟಕಿಯಲ್ಲಿ ನಿಂತವಳ ಹಾಗೇ ಅವಳ ಕೈಯನ್ನು ನೋಡುತ್ತಾ ಕೂತಿದ್ದಳು. ಇವಳೂ ತನ್ನ ಮನೆಯಲ್ಲಿ ಇಪ್ಪತ್ತಾರು ದಿನ ಒಬ್ಬಳೇ ಇದ್ದಳಲ್ಲ ಎಂದು ಆಗ ಹೊಳೆಯಿತು. ಒರ್ಲೀನಾ ಕೈ ನೀರಿಗಿಟ್ಟಳು.

ಆಮೇಲಿನ ಚರ್ಚಿನ ಊಟಕ್ಕೆ ಒರ್ಲೀನಾ ನಿಲ್ಲಲಿಲ್ಲ. ತೊಳೆದ ಕಾಲನ್ನು ಮತ್ತೆ ಆ ಬೂಟಿಗೆ ತುರುಕಲು ಮನಸ್ಸು ಬಾರದೆ, ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹಳ್ಳದ ದಾರಿ ಹಿಡಿದಳು. ಗೇಟು ತಲುಪುವಷ್ಟರಲ್ಲಿ ಪಾದ ಮತ್ತೆ ಹಳದಿಯಾಗಿತ್ತು. ಟ್ರೇಲರಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಅದನ್ನೇ ನೋಡಿದಳು. ಸಿಟ್ಟು ಅರ್ಧ ಇಳಿದಿತ್ತು, ಅರ್ಧ ಹಾಗೇ ಇತ್ತು. “ಇರೋದಿಷ್ಟು,” ಎಂದಳು ದೇವರಿಗೆ, “ಇಷ್ಟನ್ನೇ ತಗೋ.” ಆಮೇಲೆ ಎದ್ದು ಲೊರೀನಳಿಗೆ ಫೋನು ಹಚ್ಚಿದಳು.